ಪುಡಿಯನ್ನು ಕಲ್ಲಾಗಿಸುವ ಪ್ರೆಸ್: ಮೈಕೋ ಲೇಔಟಿನಿಂದ ಉಂಗ್ರದವರೆಗೆ

ಬೆಂಗಳೂರಿನ ಬಿ.ಟಿ.ಎಂ. ಲೇಔಟಿಗೆ ಕೆಲಸ ಹುಡುಕಿಕೊಂಡು ಹೋದ ಹುಡುಗರು ನಿಮ್ಮೂರಲ್ಲೂ ಇರಬಹುದು. ಬಿ.ಟಿ.ಎಂ. ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಒಂದು ಕಾಲಕ್ಕೆ ನಮ್ಮ ನಿಮ್ಮ ಊರಿನಂಥ ಹಳ್ಳಿಗಳೇ. ಅಲ್ಲೇ ಮೈಕೋ ಲೇಔಟ್ ಅಂತ ಒಂದು ಬಡಾವಣೆ ಇದೆ, ಅದೇ ಹೆಸರಿನ ಪೊಲೀಸ್ ಠಾಣೆಯೂ ಇದೆ. ಮೈಕೋ ಊರಿನ ಹೆಸರೂ ಅಲ್ಲ, ದೇವರ ಹೆಸರೂ ಅಲ್ಲ. ಅದು ಕಾರ್ಖಾನೆಯ ಹೆಸರು.

ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಚಿಕ್ಕದಾಗಿ ಮೈಕೋ, ಶುರುವಾದದ್ದು 1951ರಲ್ಲಿ. ಜರ್ಮನಿಯ ಬಾಷ್ ಕಂಪನಿಯ ತಂತ್ರಜ್ಞಾನ, ಹೊಸೂರು ರಸ್ತೆಯ ಆಡುಗೋಡಿಯಲ್ಲಿ ಕಾರ್ಖಾನೆ. ಪಕ್ಕದ ಜಯನಗರ ಬಡಾವಣೆಗೆ ಆಗಿನ್ನೂ ಮೂರು ವರ್ಷ. ಟ್ರ್ಯಾಕ್ಟರಿನ ಡೀಸೆಲ್ ಪಂಪು, ಸ್ಕೂಟರಿನ ಸ್ಪಾರ್ಕ್ ಪ್ಲಗ್ಗು ಎರಡರ ಮೇಲೂ ಮೈಕೋ ಹೆಸರು ಇರುತ್ತಿತ್ತು. ಹಳ್ಳಿಯ ಮೆಕ್ಯಾನಿಕ್‌ಗಳು ಇವತ್ತಿಗೂ ಆ ಹೆಸರು ಬಿಟ್ಟಿಲ್ಲ. 2008ರಲ್ಲಿ ಕಂಪನಿಯ ಹೆಸರೇ ಬಾಷ್ ಆಯಿತು. ಬಡಾವಣೆಯ ಹೆಸರು ಮಾತ್ರ ಬದಲಾಗಲಿಲ್ಲ.

ಈ ಸಲ ನಾವು ಆ ಪ್ಲಗ್ಗಿನ ಒಂದು ಭಾಗವನ್ನು ಹಿಡಿದು ಹೊರಟಿದ್ದೇವೆ. ನಿಮ್ಮ ಬೈಕಿನ ಪ್ಲಗ್ಗು ಬಿಚ್ಚಿ ನೋಡಿ. ನಡುವೆ ಬೆಳ್ಳಗೆ, ಪಿಂಗಾಣಿಯಂಥ ಕೊಳವೆ ಇರುತ್ತದೆ. ಅದನ್ನು ಕರಗಿಸಿ ಎರಕ ಹೊಯ್ದು ಮಾಡಿಲ್ಲ, ಕಲ್ಲಿನಂತೆ ಕೆತ್ತಿಯೂ ಮಾಡಿಲ್ಲ. ಅದು ಮೊದಲು ಹಿಟ್ಟಿನಂಥ ಪುಡಿ. ಆ ಪುಡಿಯನ್ನು ಪ್ರೆಸ್ಸಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು ಮಾಡಿದ್ದು.

ಇದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ಹಬ್ಬಕ್ಕೆ ತಂಬಿಟ್ಟು ಕಟ್ಟುವುದನ್ನು ನೆನೆಸಿಕೊಳ್ಳಿ. ಹುರಿದ ಹಿಟ್ಟಿಗೆ ಅಂಟಿಗಾಗಿ ಬೆಲ್ಲದ ಪಾಕ, ಆಮೇಲೆ ಅಂಗೈಯ ಒತ್ತು. ಒತ್ತು ಸಾಲದಿದ್ದರೆ ಉಂಡೆ ಉದುರುತ್ತದೆ. ಕಾರ್ಖಾನೆಯ ಪ್ರೆಸ್ ಮಾಡುವುದೂ ಇದನ್ನೇ. ಉಕ್ಕಿನ ಅಚ್ಚಿನೊಳಗೆ ಅಳತೆಯ ಪುಡಿ ಬೀಳುತ್ತದೆ. ಮೇಲಿಂದ ಒಂದು ಪಂಚ್, ಕೆಳಗಿಂದ ಒಂದು ಪಂಚ್ ಬಂದು ಒತ್ತುತ್ತವೆ. ಕಬ್ಬಿಣದ ಪುಡಿಯಾದರೆ ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ 4ರಿಂದ 7 ಟನ್ ಭಾರ ಬೀಳುತ್ತದೆ. ಒಂದು ಆನೆ ಆ ಉಗುರಗಲದ ಮೇಲೆ ನಿಂತ ಹಾಗೆ. ಆಮೇಲೆ ಕೆಳಗಿನ ಪಂಚ್ ಆ ತುಂಡನ್ನು ಮೇಲೆತ್ತಿ ಕೊಡುತ್ತದೆ. ಅದು ಇನ್ನೂ ಹಸಿ, ಕೈಯಲ್ಲೇ ಮುರಿಯಬಹುದು. ಕುಲುಮೆಯಲ್ಲಿ ಕರಗದ ಹಾಗೆ ಕಾಯಿಸಿದಾಗ ಪುಡಿಯ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಪ್ಲಗ್ಗಿನ ಕೊಳವೆ ಉದ್ದ, ತೆಳು. ಮೇಲೆ ಕೆಳಗೆ ಮಾತ್ರ ಒತ್ತಿದರೆ ನಡುಭಾಗ ಸಡಿಲವಾಗಿ ಉಳಿಯುತ್ತದೆ. ಅದಕ್ಕೆ 1930ರ ದಶಕದಲ್ಲಿ ಅಮೆರಿಕದ ಪ್ಲಗ್ ತಯಾರಕರು ಬೇರೆ ದಾರಿ ಹಿಡಿದರು. ಪುಡಿಯನ್ನು ರಬ್ಬರ್ ಅಚ್ಚಿಗೆ ತುಂಬಿ, ಸುತ್ತಲಿಂದ ದ್ರವದ ಒತ್ತಡ ಕೊಟ್ಟರು. ಮುಷ್ಟಿಯಲ್ಲಿ ಉಂಡೆ ಕಟ್ಟಿದ ಹಾಗೆ ಎಲ್ಲ ಕಡೆಯಿಂದ ಸಮನಾದ ಒತ್ತು. ಪುಡಿ ಅಲ್ಯೂಮಿನಾದ್ದು. ಅಲ್ಯೂಮಿನಾ ತೆಗೆಯುವುದು ಬಾಕ್ಸೈಟ್ ಅದಿರಿನಿಂದ, ನಮ್ಮ ಬೆಳಗಾವಿಯಲ್ಲೂ ಆ ಕಾರ್ಖಾನೆ ಇದೆ. ಸುಮಾರು 1,600 ಡಿಗ್ರಿಯಲ್ಲಿ ಸುಟ್ಟಾಗ ತುಂಡು ಆರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿ ಅಚ್ಚು ಮಾಡಬೇಕು. ಹಾಗೆ ಬಂದ ಕೊಳವೆ 20,000 ವೋಲ್ಟಿನ ಕಿಡಿಯನ್ನು ಹೊರಗೆ ಸೋರದಂತೆ ತಡೆಯುತ್ತದೆ.

ಈ ಪ್ರೆಸ್ಸಿನ ಮೂಲ ಇಂಗ್ಲೆಂಡಿನಲ್ಲಿದೆ. 1843ರಲ್ಲಿ ವಿಲಿಯಂ ಬ್ರಾಕೆಡನ್ ಅನ್ನುವ ಚಿತ್ರಕಾರ ಇದಕ್ಕೆ ಪೇಟೆಂಟ್ ತೆಗೆದ. ಪೆನ್ಸಿಲ್ಲಿಗೆ ಬೇಕಾದ ಒಳ್ಳೆಯ ಗ್ರಾಫೈಟ್ ಗಟ್ಟಿಗಳು ಸಿಗುವುದು ಕಷ್ಟವಾಗಿತ್ತು, ಪುಡಿ ಬೇಕಾದಷ್ಟಿತ್ತು. ಪುಡಿಯನ್ನೇ ಅಚ್ಚಿನಲ್ಲಿ ಒತ್ತಿ ಗಟ್ಟಿ ಮಾಡಿದ. ಅದೇ ಪೇಟೆಂಟಿನಲ್ಲಿ ಔಷಧಿ ಪುಡಿಯನ್ನು ಗುಳಿಗೆ ಮಾಡುವುದೂ ಸೇರಿತ್ತು. ಇವತ್ತು ಜ್ವರಕ್ಕೆ ನುಂಗುವ ಮಾತ್ರೆ ಹುಟ್ಟುವುದು ಅದೇ ವಿದ್ಯೆಯಿಂದ.

1920ರ ದಶಕದಲ್ಲಿ ಜರ್ಮನಿಯಲ್ಲಿ ಇನ್ನೊಂದು ಹೆಜ್ಜೆ. ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಲೋಹದ ಪುಡಿ ಬೆರೆಸಿ, ಒತ್ತಿ, ಸುಟ್ಟರು. ಬಂದದ್ದು ಉಕ್ಕನ್ನೇ ಕತ್ತರಿಸುವ ವಸ್ತು. ಕ್ರುಪ್ ಕಂಪನಿ ಅದಕ್ಕೆ ವಿಡಿಯಾ ಅಂತ ಹೆಸರಿಟ್ಟಿತು. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ‘ವಜ್ರದಂತೆ’. 1964ರಲ್ಲಿ ವಿಡಿಯಾ ಇಂಡಿಯಾ ಕಂಪನಿ ಹುಟ್ಟಿ, ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ನೆಲೆಯೂರಿತು. ಈಗ ಅದರ ಹೆಸರು ಕೆನ್ನಮೆಟಲ್. ನಿಮ್ಮ ಜಮೀನಿನಲ್ಲಿ ಬೋರ್‌ವೆಲ್ ಲಾರಿ ನಿಂತಾಗ ಬಿಟ್ಟಿನ ಮೂತಿ ನೋಡಿದ್ದರೆ, ಅದರಲ್ಲಿ ಗುಂಡಗಿನ ಗುಬುಟುಗಳು ಕಂಡಿರುತ್ತವೆ. ಅವೂ ಇಂಥ ಕಾರ್ಬೈಡ್ ಪುಡಿಯವೇ. ಕರಿಗಲ್ಲನ್ನು ನೂರಾರು ಅಡಿ ಕೊರೆಯುವುದು ಒಂದು ಕಾಲದಲ್ಲಿ ಪುಡಿಯಾಗಿದ್ದ ವಸ್ತು. ನಮ್ಮ ಬಯಲುಸೀಮೆಯ ಅಂತರ್ಜಲದ ಕಥೆಯಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅದರ ಪಾಲಿದೆ.

ಮನೆಯೊಳಗೂ ಇದೆ. ಮಿಕ್ಸಿ, ಟೇಬಲ್ ಫ್ಯಾನುಗಳಲ್ಲಿರುವ ಕಂಚಿನ ಬುಷ್ ನೋಡಿ. ಕಂಚಿನ ಪುಡಿಯನ್ನು ಒತ್ತುವಾಗ ಬೇಕೆಂದೇ ಸಣ್ಣ ರಂಧ್ರಗಳನ್ನು ಉಳಿಸಿ, ಅದರೊಳಗೆ ಎಣ್ಣೆ ಕುಡಿಸಿರುತ್ತಾರೆ. ತಿರುಗುತ್ತ ಬಿಸಿಯಾದಾಗ ಎಣ್ಣೆ ಒಸರುತ್ತದೆ, ತಣ್ಣಗಾದಾಗ ಒಳಗೆ ಹೋಗುತ್ತದೆ. ಅದಕ್ಕೇ ದಿನಾ ಎಣ್ಣೆ ಬಿಡುವ ಕೆಲಸವಿಲ್ಲ.

ಇನ್ನು ದಕ್ಷಿಣ ಬೆಂಗಳೂರಿಗೆ ಬರೋಣ. ದೊಡ್ಡ ಕಾರ್ಖಾನೆಯ ಸುತ್ತ ಸಣ್ಣ ಶೆಡ್ಡುಗಳು ಬೆಳೆಯುತ್ತವೆ. ಜೆ.ಪಿ. ನಗರದ ಪಕ್ಕದ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟ್ ಅನ್ನುವ ಹೆಸರು ಆ ಕಾಲವನ್ನು ಇವತ್ತಿಗೂ ಹೇಳುತ್ತದೆ. ಸಾರಕ್ಕಿಯೂ ಹಳ್ಳಿಯೇ. ಹೊಲ ಹೋಗಿ ಶೆಡ್ಡು ಬಂತು, ಈಗ ಶೆಡ್ಡಿನ ಜಾಗಕ್ಕೆ ಅಪಾರ್ಟ್‌ಮೆಂಟು ಬರುತ್ತಿದೆ. ಆಡುಗೋಡಿಯಲ್ಲೂ ಹಾಗೇ ಆಯಿತು. 2015ರಲ್ಲಿ ಬಾಷ್ ಬಿಡದಿಯಲ್ಲಿ ಹೊಸ ಕಾರ್ಖಾನೆ ತೆರೆಯಿತು. ಆಡುಗೋಡಿಯ ಹಳೆಯ ಜಾಗ ಎಂಜಿನಿಯರುಗಳ ಕಚೇರಿಯಾಗಿ, 2022ರಲ್ಲಿ ಹೊಸದಾಗಿ ಉದ್ಘಾಟನೆಯಾಯಿತು. ಮೆಷಿನ್ನು ಊರಾಚೆ ಹೋಯಿತು, ಕಂಪ್ಯೂಟರು ಊರೊಳಗೆ ಉಳಿಯಿತು. ಐ.ಟಿ.ಐ. ಮುಗಿಸಿದ ಹುಡುಗ ಈಗ ಕೆಲಸ ಕೇಳಬೇಕಾದದ್ದು ಜಯನಗರದ ಸುತ್ತ ಅಲ್ಲ. ಬಿಡದಿ, ಹೊಸೂರು, ಬೊಮ್ಮಸಂದ್ರದ ಕಡೆ.

ಹಾಗೆ ಹೋಗುವವರು ಒಂದು ಮಾತು ತಿಳಿದಿರಬೇಕು. ಪುಡಿಗೂ ಬೆರಳಿಗೂ ಪ್ರೆಸ್ ಭೇದ ಮಾಡುವುದಿಲ್ಲ. ಮೆಷಿನ್ನಿನ ಅಪಾಯದ ಭಾಗಗಳಿಗೆ ಗಟ್ಟಿಯಾದ ತಡೆ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳಿತ್ತು. ಎರಡೂ ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವ ವ್ಯವಸ್ಥೆ ಇರುವುದು ಕೈ ಅಚ್ಚಿನೊಳಗೆ ಉಳಿಯಬಾರದು ಅಂತಲೇ. ಕೆಲಸ ಬೇಗ ಆಗಲಿ ಅಂತ ಒಂದು ಗುಂಡಿಯನ್ನು ಕಟ್ಟಿಟ್ಟು ಕೆಲಸ ಮಾಡಿಸಿದರೆ ಅದು ತಪ್ಪು, ಒಪ್ಪಬೇಡಿ. ಪುಡಿಯ ದೂಳೂ ಅಷ್ಟೇ ಅಪಾಯ. ಕೋಬಾಲ್ಟ್ ಬೆರೆತ ಕಾರ್ಬೈಡ್ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುತ್ತದೆ. ದೂಳು ಎಳೆಯುವ ಫ್ಯಾನು ಇದೆಯೇ, ಇ.ಎಸ್.ಐ. ಕಟ್ಟುತ್ತಾರೆಯೇ ಅಂತ ಸಂಬಳ ಕೇಳುವ ಹೊತ್ತಿಗೇ ಕೇಳಿ.

ಪ್ರೆಸ್ ಅಂದರೆ ಹಳ್ಳಿ ಬಿಟ್ಟು ಹೋಗುವ ದಾರಿ ಮಾತ್ರವೂ ಅಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಅನ್ನುವ ಕೇಂದ್ರ ಶುರುವಾಯಿತು. ವಿಜ್ಞಾನ ಹಳ್ಳಿಗೆ ಉಪಯೋಗವಾಗಬೇಕು ಅನ್ನುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಪ್ರಯೋಗ ಕೇಂದ್ರ ಇತ್ತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಕೈಯಲ್ಲಿ ಸನ್ನೆ ಎಳೆದು ನಡೆಸುವ ಪ್ರೆಸ್ ತಯಾರಾಯಿತು. ಜರಡಿ ಹಿಡಿದ ಮಣ್ಣು, ಮರಳು, ಸ್ವಲ್ಪ ಸಿಮೆಂಟು, ಹದವಾದ ತೇವ, ಆಮೇಲೆ ಒತ್ತು. ಸುಡುವ ಕೆಲಸವಿಲ್ಲ, ಗೂಡಿಗೆ ಸೌದೆ ಬೇಡ. ಸುಮಾರು ಮೂರು ವಾರ ಒಣಗಲು ಬಿಡದೆ ನೀರು ಹನಿಸಿದರೆ ಸಾಕು.

ಅಲ್ಲಿ ಕುಲುಮೆ ಮಾಡುವ ಕೆಲಸವನ್ನು ಇಲ್ಲಿ ಸಿಮೆಂಟು ಮತ್ತು ನೀರು ಮಾಡುತ್ತವೆ. ಉಳಿದಂತೆ ವಿದ್ಯೆ ಒಂದೇ. ಪ್ಲಗ್ಗಿನ ಕೊಳವೆಗೆ ಕೋಟಿಗಟ್ಟಲೆ ಬಂಡವಾಳದ ಕಾರ್ಖಾನೆ ಬೇಕು; ಮಣ್ಣಿನ ಇಟ್ಟಿಗೆಗೆ ನಾಲ್ಕೈದು ಜನ, ಒಂದು ಪ್ರೆಸ್, ಊರಿನದೇ ಮಣ್ಣು ಸಾಕು. ನಿಮ್ಮ ಊರಲ್ಲಿ ಮನೆ ಕಟ್ಟುವವರಿದ್ದರೆ, ಗೂಡಿನ ಇಟ್ಟಿಗೆಗೆ ಮುಂಗಡ ಕೊಡುವ ಮೊದಲು ಮಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸಲಿ.