ಕಿಳ್ಳೇಕ್ಯಾತನ ಸಂಸಾರ

ಕನಕಪುರವನ್ನು ಕಾನಕಾನಹಳ್ಳಿ ಎಂದೇ ಕರೆಯುತ್ತಿದ್ದ ಕಾಲ. ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕಡೆಯ ಉಯ್ಯಂಬಳ್ಳಿ ಹೋಬಳಿ ಅಂದಿಗೂ ಕಾಡಂಚಿನ ನಾಡು, ಮಳೆ ನಂಬಿದ ನಾಡು. ಅಲ್ಲಿ ವರ್ಷ ಮೊದಲಾಗುವುದೂ ಮುಗಿಯುವುದೂ ರಾಗಿಯಿಂದ. ಪೈರು ಕುಯ್ಲಾಗಿ, ಮೆದೆಯಾಗಿ, ಸಂಕ್ರಾಂತಿಯ ಆಚೀಚೆ ಕಣದ ಕೆಲಸ ತೀರಿತೆಂದರೆ ಮುಂಗಾರಿನ ಮೊದಲ ಹದ ಬೀಳುವ ತನಕ ಒಕ್ಕಲಿಗೆ ಬಿಡುವು. ಹಳೆಯ ಮೈಸೂರು ಸೀಮೆಯ ಇಂಥ ಹಳ್ಳಿಗಳಲ್ಲೆಲ್ಲ ತೊಗಲು ಗೊಂಬೆಯವರ ಹಂಗಾಮು ಎಂದರೆ ಆ ನಾಲ್ಕೈದು ತಿಂಗಳು.

ಅವರು ಮೇಳವಾಗಿ ಬರುತ್ತಿದ್ದರು. ಮೇಳವೆಂದರೆ ಒಂದು ಮನೆತನ. ಅಪ್ಪ, ಮಗ, ಸೊಸೆ, ಹಿರಿಯಜ್ಜಿ, ಜೊತೆಗೆ ಗೊಂಬೆಗಳ ಪೆಟ್ಟಿಗೆ. ಮನೆಯೊಳಗೆ ಅವರದು ಮರಾಠಿ ಬೆರೆತ ಮಾತು, ಪರದೆಯ ಹಿಂದೆ ಅಪ್ಪಟ ಕನ್ನಡ. ಮೂಲದಲ್ಲಿ ಮರಾಠಿ ನಾಡಿನಿಂದ ಬಂದವರೆಂದು ಅವರೇ ಹೇಳಿಕೊಳ್ಳುತ್ತಾರೆ. ದಕ್ಷಿಣದವರು ಅವರನ್ನು ಕಿಳ್ಳೇಕ್ಯಾತರೆಂದರು, ಉತ್ತರದವರು ಸಿಳ್ಳೇಕ್ಯಾತರೆಂದರು. ತಾವು ಆಡಿಸುವ ಹಾಸ್ಯಗಾರ ಗೊಂಬೆಯ ಹೆಸರೇ ಒಂದು ಜನಾಂಗಕ್ಕೆ ನಿಂತ ಉದಾಹರಣೆ ಬೇರೆಲ್ಲಿದೆಯೋ ನಾನರಿಯೆ. ಇಂತಿಂಥ ಊರುಗಳು ಇಂತಿಂಥ ಮನೆತನಕ್ಕೆ ಎಂದು ಅವರಲ್ಲಿ ಪರಂಪರೆಯ ಹಂಚಿಕೆಯಿತ್ತು. ತನ್ನ ಪಾಲಿನ ಊರಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ ಆಟ ಕಟ್ಟುವುದು ಮೇಳದ ಹಕ್ಕೂ ಹೌದು, ಹೊಣೆಯೂ ಹೌದು. ಊರು ಕೊಡುತ್ತಿದ್ದುದು ದವಸ, ಹಳೆಯ ಬಟ್ಟೆ, ಒಂದಿಷ್ಟು ಕಾಸು.

ಗುಡಿಯ ಮುಂದಿನ ಬಯಲಿನಲ್ಲಿ ಗಳು ನೆಟ್ಟು, ಸುತ್ತ ಕರಿಯ ಕಂಬಳಿ ಇಳಿಬಿಟ್ಟು, ಮುಂದಕ್ಕೆ ಬಿಳಿಯ ಪಂಚೆಯನ್ನು ಬಿಗಿದರೆ ರಂಗ ಸಿದ್ಧ. ಒಳಗೆ ಹರಳೆಣ್ಣೆಯ ದೀಪ. ಆಡಿನ ತೊಗಲನ್ನು ಕೂದಲು ತೆಗೆದು, ಬೆಳಕು ತೂರುವಷ್ಟು ಹೆರೆದು, ಉಳಿಯಿಂದ ಕೊರೆದು, ಕೆಂಪು ಹಸಿರು ಕಪ್ಪು ತುಂಬಿದ ಗೊಂಬೆಗಳು ಆ ದೀಪದ ಮುಂದೆ ಬಂದಾಗ ಪಂಚೆಯ ಮೇಲೆ ಬೀಳುತ್ತಿದ್ದುದು ಬರಿಯ ನೆರಳಲ್ಲ, ಬಣ್ಣ. ದೇವರ ಗೊಂಬೆಗೆ ಜಿಂಕೆಯ ತೊಗಲೇ ಶ್ರೇಷ್ಠವೆಂಬ ನಂಬಿಕೆಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ಆ ನಂಬಿಕೆ ನಿಲ್ಲುವಂತಿರಲಿಲ್ಲ. ಹರಿದು ಕೆಲಸಕ್ಕೆ ಬಾರದಾದ ಗೊಂಬೆಯನ್ನು ಕಸಕ್ಕೆ ಎಸೆಯುತ್ತಿರಲಿಲ್ಲ. ಪೂಜೆ ಮಾಡಿ ಹೊಳೆಗೆ ಬಿಡುತ್ತಿದ್ದರು.

ಮೊದಲು ಗಣಪತಿ, ಆಮೇಲೆ ಸರಸ್ವತಿ. ಅವರ ಬೆನ್ನಿಗೇ ಕಿಳ್ಳೇಕ್ಯಾತ, ಅವನ ಹಿಂದೆ ಹೆಂಡತಿ ಬಂಗಾರಕ್ಕ. ಕಥೆ ಆ ರಾತ್ರಿ ವಿರಾಟಪರ್ವವಿರಲಿ, ಮೈರಾವಣನದಿರಲಿ, ಲವಕುಶರದಿರಲಿ, ಈ ದಂಪತಿ ಬಾರದೆ ಆಟ ನಡೆಯದು. ಕ್ಯಾತ ಕರಿಯ, ದಪ್ಪ ತುಟಿಯವ, ಹೊಟ್ಟೆ ಮುಂದಿಟ್ಟವ, ಕೆಲಸಗಳ್ಳ, ಬಾಯಿಬಡುಕ. ಬಂಗಾರಕ್ಕ ಮಾತಿಗೆ ಮಾತು ಕೊಡುವವಳು. ಗಂಡನ ಬಂಡವಾಳವನ್ನು ಊರ ಮುಂದೆ ಬಿಚ್ಚಿಡಲು ಆಕೆಗೆ ಸಂಕೋಚವಿಲ್ಲ. ರಾಮ ಕಾಡಿಗೆ ಹೊರಟು ಜನ ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಇವರಿಬ್ಬರ ಮನೆಜಗಳ ನುಗ್ಗುತ್ತಿತ್ತು. ಹಿಟ್ಟಿಲ್ಲದ ಮಡಕೆ, ತೀರದ ಸಾಲ, ತವರಿನ ಮಾತು, ಹೆಂಡದ ಅಂಗಡಿ. ಪೋಲಿ ಮಾತಿಗೂ ಬರವಿರಲಿಲ್ಲ. ನಮ್ಮ ಜಾನಪದದ ಬರವಣಿಗೆಯಲ್ಲಿ ಆ ಭಾಗ ಸೋಸಿಹೋಗಿದೆ; ಸೋಸಿದವರನ್ನು ದೂರಲಾರೆ, ಆದರೆ ಉಳಿದದ್ದು ಪೂರ್ತಿ ಕ್ಯಾತನಲ್ಲ.

ಪುರಾಣದ ಪದ್ಯಗಳು ಅಪ್ಪನಿಂದ ಮಗನಿಗೆ ಬಾಯಿಪಾಠವಾಗಿ ಬಂದವು, ಬದಲಾಗುವಂತಿಲ್ಲ. ಈ ಜಗಳ ಮಾತ್ರ ಊರಿಂದೂರಿಗೆ ಹೊಸದು. ಗೌಡರು ಎದುರಿಗೇ ಕುಳಿತಿರುತ್ತಿದ್ದರು, ಶಾನುಭೋಗರೂ ಇರುತ್ತಿದ್ದರು. ಅವರನ್ನು ಹೊಗಳುವ ನೆಪದಲ್ಲಿ ಚುಚ್ಚುವ ಅಧಿಕಾರ ಇಡೀ ಊರಿನಲ್ಲಿ ಕ್ಯಾತನೊಬ್ಬನಿಗೇ. ಹೀಗಾಗಿ ಕಳೆದ ಸುಗ್ಗಿಯಲ್ಲಿ ನೋಡಿದ ಲಂಕಾದಹನವನ್ನೇ ಈ ಸುಗ್ಗಿಯಲ್ಲೂ ನೋಡಲು ಜನ ಕಂಬಳಿ ಹೊದ್ದು ಬಂದು ಕೂರುತ್ತಿದ್ದರು. ಹನುಮಂತ ಏನು ಮಾಡುತ್ತಾನೆಂಬುದು ಗೊತ್ತು, ಬಂಗಾರಕ್ಕ ಏನನ್ನುತ್ತಾಳೆಂಬುದು ಗೊತ್ತಿಲ್ಲ.

ಗೊಂಬೆಯ ಕಟ್ಟಿನಲ್ಲೇ ಇನ್ನೊಂದು ಸಂಗತಿ ಅಡಗಿದೆ. ನಮ್ಮಲ್ಲಿ ದೊಡ್ಡ ಗೊಂಬೆ, ಚಿಕ್ಕ ಗೊಂಬೆ ಎಂದು ಎರಡು ಸಂಪ್ರದಾಯ. ಚಿಕ್ಕ ಗೊಂಬೆಯ ಮೇಳಗಳಲ್ಲಿ ದೇವರು, ರಾಜರು, ಋಷಿಗಳು ಬಹುಮಟ್ಟಿಗೆ ಒಂದೇ ತೊಗಲಿನ ಅಖಂಡ ಚಿತ್ರಗಳು. ಎಷ್ಟೋ ಕಡೆ ಸಿಂಹಾಸನ, ಪರಿವಾರ, ರಥ, ಕುದುರೆ ಎಲ್ಲವೂ ಒಂದೇ ಹಾಳೆಯಲ್ಲಿ ಕೊರೆದಿರುತ್ತವೆ. ಆ ಚೆಲುವಿಗೆ ಎಣೆಯಿಲ್ಲ, ಆದರೆ ರಾಮ ಕೈಯೆತ್ತಲಾರ. ಕ್ಯಾತನಿಗಾದರೋ ಕೈ, ಕಾಲು, ತಲೆ ಬೇರೆಬೇರೆ ತುಂಡು; ಪ್ರತಿಯೊಂದಕ್ಕೂ ಕೀಲು, ಪ್ರತಿಯೊಂದಕ್ಕೂ ದಾರದ ಗಂಟು. ಅವನು ಕುಣಿಯುತ್ತಾನೆ, ಒದೆಯುತ್ತಾನೆ, ಮಕಾಡೆ ಬೀಳುತ್ತಾನೆ. ಕಲಾವಿದನು ರಾಮನಿಗೆ ಗೌರವ ಕೊಟ್ಟ, ಕ್ಯಾತನಿಗೆ ಕೀಲು ಕೊಟ್ಟ. ಚಿತ್ರಕ್ಕೆ ಚಲನೆ ಬಂದದ್ದು ನಮ್ಮ ನಾಡಿನಲ್ಲಿ ಹೀಗೆ, ಬಡವನ ಮನೆಯ ಗಲಾಟೆಯಿಂದ.

ಜಗತ್ತಿನ ಬೇರೆಡೆಯೂ ನೆರಳಿನಾಟ ಹಿಡಿದದ್ದು ಹೆಚ್ಚುಕಡಿಮೆ ಇದೇ ದಾರಿ. ಜಾವಾದ ವಯಾಂಗಿನಲ್ಲಿ ಪಾಂಡವರ ಪಕ್ಕದಲ್ಲೇ ಸೆಮಾರ್ ಎಂಬ ಡೊಳ್ಳುಹೊಟ್ಟೆಯ ಮುದುಕನೂ ಅವನ ಮಕ್ಕಳೂ ಇದ್ದಾರೆ. ತುರ್ಕಿಯ ಕರಗೋಜ್ ನೆರೆಯವನ ಜೊತೆಗೂ ಹೆಂಡತಿಯ ಜೊತೆಗೂ ಕಾದಾಡುತ್ತಾನೆ. ನೆರೆಯ ಆಂಧ್ರದ ತೋಲು ಬೊಮ್ಮಲಾಟದಲ್ಲಿ ಇದೇ ಬಂಗಾರಕ್ಕ ಇದೇ ಹೆಸರಿನಿಂದ ಮೆರೆದಿದ್ದಾಳೆ. ಇಂಥದೇ ಸಂಸಾರಗಳನ್ನು ಕಾರ್ಟೂನಿನಲ್ಲಿ ಕುಣಿಸಿದ ಅಮೆರಿಕದವರು ಫ್ಲಿಂಟ್‌ಸ್ಟೋನ್ ಮನೆಯವರನ್ನು ಟೀವಿಗೆ ತಂದದ್ದು 1960ರಲ್ಲಿ, ಸಿಂಪ್ಸನ್ ಮನೆಯವರಿಗೇ ಮೀಸಲಾದ ಧಾರಾವಾಹಿ ಮೊದಲಿಟ್ಟದ್ದು 1989ರ ಡಿಸೆಂಬರಿನಲ್ಲಿ. ಪೆದ್ದ ಗಂಡ, ಜಾಣ ಹೆಂಡತಿ, ವರ್ಷಗಳುರುಳಿದರೂ ಯಾರಿಗೂ ಬಾರದ ಮುಪ್ಪು. ನಮ್ಮ ಹಳ್ಳಿಯ ಅಜ್ಜಿಯರಿಗೆ ತೋರಿಸಿದ್ದರೆ ಅಚ್ಚರಿಪಡುತ್ತಿರಲಿಲ್ಲ.

ಕೊಂಚ ನಿಂತು ಹೇಳಬೇಕಾದದ್ದು ಬಂಗಾರಕ್ಕನ ದನಿಯ ಮಾತು. ನಾಟಕದಲ್ಲಿ, ಬಯಲಾಟದಲ್ಲಿ ಗಂಡಸೇ ಸೀರೆಯುಟ್ಟು ಹೆಣ್ಣಾಗುತ್ತಿದ್ದ ಯುಗದಲ್ಲಿ ಕಂಬಳಿಯ ಮರೆಯಲ್ಲಿ ಕುಳಿತ ಹೆಂಗಸರು ಸೀತೆಗೂ ದ್ರೌಪದಿಗೂ ಬಂಗಾರಕ್ಕನಿಗೂ ತಮ್ಮದೇ ದನಿ ಕೊಟ್ಟರು, ಹಾಡಿದರು, ತಾಳ ಹಾಕಿದರು. ಗಂಡ ಕ್ಯಾತನಾಗಿ ಬೈದರೆ ಹೆಂಡತಿ ಬಂಗಾರಕ್ಕನಾಗಿ ತಿರುಗಿ ಬೈಯುತ್ತಿದ್ದಳು. ಅದರಲ್ಲಿ ಆಟವೆಷ್ಟು, ಹಗಲಿನ ಬಾಕಿಯೆಷ್ಟು ಎಂಬುದು ಅವರಿಬ್ಬರಿಗೇ ಗೊತ್ತು. ತೊಟ್ಟಿಲ ಮಗು ಪಕ್ಕದಲ್ಲೇ ಮಲಗಿ ಕಥೆಗಳನ್ನು ಕೇಳುತ್ತ ಬೆಳೆಯುತ್ತಿತ್ತು. ಅದೇ ಅವರ ಪಾಠಶಾಲೆ.

ಮಳೆ ಹೋದಾಗಲೂ ಈ ಮೇಳಗಳಿಗೆ ಕರೆ ಬರುತ್ತಿತ್ತು. ಗೊಂಬೆ ಆಡಿಸಿದರೆ ಮಳೆಯಾಗುತ್ತದೆ, ದನಕರುಗಳಿಗೆ ಬಂದ ಬೇನೆ ತೊಲಗುತ್ತದೆ ಎಂಬುದು ಒಕ್ಕಲುಮಕ್ಕಳ ನಂಬಿಕೆ. ಬರದ ವರ್ಷದಲ್ಲಿ ಊರೇ ಒಂದಾಗಿ ವಂತಿಗೆ ಎತ್ತಿ ಆಟ ಕಟ್ಟಿಸುತ್ತಿತ್ತು. ಆಗಲೂ ಕ್ಯಾತ ಬರುತ್ತಿದ್ದ, ಆಗಲೂ ಜಗಳ ತಪ್ಪುತ್ತಿರಲಿಲ್ಲ.

ಆ ಯುಗ ಒಂದೇ ಪೆಟ್ಟಿಗೆ ಮುಗಿದದ್ದಲ್ಲ. ಹರಳೆಣ್ಣೆ ದೀಪದ ಜಾಗಕ್ಕೆ ಗ್ಯಾಸ್‌ಲೈಟು ಬಂತು, ಆಮೇಲೆ ಬಲ್ಬು ಬಂತು. ಅದನ್ನು ಆಟ ತಾಳಿಕೊಂಡಿತು. 1961ರ ಕಾಯ್ದೆಯಿಂದ ಪಟೇಲಿಕೆ, ಶಾನುಭೋಗಿಕೆಗಳು ರದ್ದಾದವು. ಆಟ ಕಟ್ಟಿಸುವವರೂ ಬೈಸಿಕೊಳ್ಳುವವರೂ ಆಗಿದ್ದ ಹಿರಿಯರು ಒಟ್ಟಿಗೇ ಮರೆಯಾದರು. ಟೂರಿಂಗ್ ಟಾಕೀಸಿನ ಡೇರೆ ಸಂತೆಯೂರುಗಳಿಗೆ ಬಂತು. 1987ರ ಜನವರಿಯಿಂದ ಭಾನುವಾರದ ಬೆಳಗುಗಳಲ್ಲಿ ದೂರದರ್ಶನದ ರಾಮಾಯಣ. ರಾಮಾಯಣಕ್ಕೆ ಕೇಳುಗರು ಕಡಿಮೆಯಾಗಲಿಲ್ಲ ನೋಡಿ. ಆ ರಾಮಾಯಣದಲ್ಲಿ ಕ್ಯಾತ ಇರಲಿಲ್ಲ, ಅಷ್ಟೆ.

ಅಳಿದುಹೋಗುತ್ತಿದ್ದ ತೊಗಲುಗಳನ್ನು ಹೆಕ್ಕಿ ತಂದವರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ. ಎಸ್. ನಂಜುಂಡರಾಯರು ಮೊದಲಿಗರು. ಹಳ್ಳಿಹಳ್ಳಿ ಅಲೆದು ಸಾವಿರಾರು ಗೊಂಬೆಗಳನ್ನು ಸೇರಿಸಿದರು, ಅವುಗಳ ಮೇಲೆ ಪುಸ್ತಕವನ್ನೇ ಬರೆದರು. ಉಯ್ಯಂಬಳ್ಳಿಯವರಿಗೆ ಇನ್ನೂ ಹತ್ತಿರದಲ್ಲಿ, ರಾಮನಗರದ ಹೆದ್ದಾರಿಯ ಬದಿಯಲ್ಲಿ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿಯೂ ತೊಗಲು ಗೊಂಬೆಗಳಿಗೆ ನೆಲೆ ಸಿಕ್ಕಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ದೊಡ್ಡ ಗೊಂಬೆಯಲ್ಲಿ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದು, 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸರ್ಕಾರದ ಇಲಾಖೆಗಳು ಕುಟುಂಬ ಯೋಜನೆ, ಸಾಕ್ಷರತೆಗಳ ಪ್ರಚಾರಕ್ಕೆ ಗೊಂಬೆಗಳನ್ನು ದುಡಿಸಿಕೊಂಡವು. ಯಾರ ಬುದ್ಧಿಮಾತನ್ನೂ ಕೇಳದ ಕ್ಯಾತನ ಬಾಯಲ್ಲಿ ಬುದ್ಧಿಮಾತು ಹೇಳಿಸಿದ್ದು ನನಗೇನೋ ಸರಿಕಾಣದು. ಹೊಟ್ಟೆಪಾಡಿನ ಮುಂದೆ ನನ್ನ ರುಚಿಗೆ ಬೆಲೆಯಿಲ್ಲವೆಂಬುದೂ ನಿಜ.

2025ರಲ್ಲಿ ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 96. ಏಳು ದಶಕಗಳಿಗೂ ಮಿಕ್ಕಿ ಗೊಂಬೆ ಆಡಿಸಿದ ಈ ತಾಯಿ ಹಲವು ದೇಶಗಳ ರಂಗಗಳನ್ನು ಕಂಡವರು. ಪರದೆಯ ಹಿಂದಿನ ಹೆಂಗಸೊಬ್ಬಳು ದೆಹಲಿಯ ದರ್ಬಾರಿನಲ್ಲಿ ಮುಂದೆ ಬಂದು ನಿಲ್ಲಲು ಇಷ್ಟು ಕಾಲ ಹಿಡಿಯಿತು.