ಆ ಸಾಲವನ್ನು ತೀರಿಸಿದವರು ಯಾರು?

ಮೂವತ್ತು ವರ್ಷಗಳ ಹಿಂದಿನ ಮಾತು. ಹುಣಸೂರಿನಲ್ಲಿ ನಾನು ಬಿ.ಎ. ತರಗತಿಗೆ ಸಾಹಿತ್ಯಚರಿತ್ರೆಯ ಪಾಠ ಹೇಳುತ್ತಿದ್ದೆ. ಅಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ಪ್ರಸಂಗ. ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರಲ್ಲಿ ರಚಿತವಾದದ್ದು ಆ ದೊರೆಯ ಆಶ್ರಯದಲ್ಲಿ. ‘ಶ್ರೀತತ್ತ್ವನಿಧಿ’ಯಂಥ ಸಚಿತ್ರ ಮಹಾಗ್ರಂಥ ಸಿದ್ಧವಾದದ್ದೂ ಅಲ್ಲಿಯೇ. ದೊರೆಯ ಔದಾರ್ಯವನ್ನು ಮನಸಾರೆ ಬಣ್ಣಿಸಿ, ಕಡೆಗೆ, “ಕೊಡುಗೈಯಿಂದ ಬೊಕ್ಕಸ ಬರಿದಾಯಿತು, ಸಾಲವಾಯಿತು, 1831ರಲ್ಲಿ ಆಡಳಿತ ಕಂಪನಿಯ ವಶವಾಯಿತು” ಎಂದು ಒಂದೇ ವಾಕ್ಯದಲ್ಲಿ ಮುಗಿಸಿದೆ. ಹಿಂದಿನ ಬೆಂಚಿನಿಂದ ಪಿರಿಯಾಪಟ್ಟಣದ ಕಡೆಯ ಹುಡುಗನೊಬ್ಬ ಎದ್ದು ನಿಂತ. “ಸಾರ್, ಆ ಸಾಲಾನ ಕೊನೆಗೆ ಯಾರು ತೀರಿಸಿದ್ರು?”

“ಅದನ್ನು ನಿಮ್ಮ ಚರಿತ್ರೆಯ ಮೇಷ್ಟ್ರನ್ನು ಕೇಳಪ್ಪ” ಎಂದು ನಕ್ಕು ಕೂರಿಸಿದೆ. ತರಗತಿಯೂ ನಕ್ಕಿತು. ಉತ್ತರ ನನಗೆ ಗೊತ್ತಿರಲಿಲ್ಲ ಎಂಬುದೇ ನಿಜ. ನಿವೃತ್ತಿಯ ಬಿಡುವಿನಲ್ಲಿ ಅದನ್ನು ಹುಡುಕಿ ತಿಳಿದಷ್ಟನ್ನು ಈ ಹೊತ್ತು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

1799ರಲ್ಲಿ ಟೀಪು ಸುಲ್ತಾನ್ ಮಡಿದ ಮೇಲೆ ಸುಮಾರು ಐದು ವರ್ಷದ ಬಾಲಕ ಕೃಷ್ಣರಾಜರು ಪಟ್ಟಕ್ಕೆ ಬಂದರು. ಕಂಪನಿ ರಾಜ್ಯವನ್ನು ಪುಕ್ಕಟೆ ಕೊಡಲಿಲ್ಲ. ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿಯನ್ನು ಹನ್ನೆರಡು ಕಂತುಗಳಲ್ಲಿ ಪೊಗದಿಯಾಗಿ ಸಲ್ಲಿಸಬೇಕು. ಹಣ ತಪ್ಪೀತೆಂಬ ಶಂಕೆ ಬಂದರೂ ಸಾಕು, ಕಂಪನಿ ಆಡಳಿತಕ್ಕೆ ಕೈಹಾಕಬಹುದು. ಇದು ಒಪ್ಪಂದದ ಕಲಮು. 1807ರಲ್ಲಿ 4,000 ಸವಾರರನ್ನು ಸದಾ ಸಾಕಬೇಕೆಂಬ ಹೊರೆಯೂ ಸೇರಿತು. ದಿವಾನ್ ಪೂರ್ಣಯ್ಯನವರು ಇಷ್ಟನ್ನೂ ತೂಗಿಸಿ, 1811ರಲ್ಲಿ ಅಧಿಕಾರ ಬಿಡುವಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿ ಉಳಿಸಿದ್ದರೆಂದು ಬಿ. ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ.

ಆ ಉಳಿತಾಯ ಕೆಲವೇ ವರ್ಷಗಳಲ್ಲಿ ಕರಗಿತು. ಸವಾರರ ಸಂಬಳ ಬಾಕಿ ಬಿತ್ತು. ಅರಮನೆ ಸಾಹುಕಾರರ ಕೈಸಾಲಕ್ಕೆ ಇಳಿಯಿತು. 1825ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಖುದ್ದಾಗಿ ಮೈಸೂರಿಗೆ ಬಂದು ದೊರೆಗೆ ಎಚ್ಚರಿಕೆ ಹೇಳಿ ಹೋದರು.

ಸಾಲ ಬೆಳೆದಾಗ ಅರಸನು ಏನು ಮಾಡುತ್ತಾನೆ? ತನ್ನ ಖರ್ಚನ್ನು ಮೊಟಕುಗೊಳಿಸುವುದು ಕಡೆಯ ದಾರಿ. ಹೊರೆಯನ್ನು ಕೆಳಕ್ಕೆ ಜಾರಿಸುವುದು ಮೊದಲ ದಾರಿ. ಆಗ ನಡೆದದ್ದು ‘ಶರತ್ತು’ ಪದ್ಧತಿ. ಇಂತಿಷ್ಟು ಹಣ ಎತ್ತಿ ಕೊಡುತ್ತೇನೆಂದು ಅಮಲ್ದಾರ ಶರತ್ತು ಬರೆದುಕೊಡಬೇಕು. ಕಡಮೆಯಾದರೆ ತಾನೇ ತುಂಬಬೇಕು. ಹೀಗೆ ಕಟ್ಟುಬಿದ್ದವನಿಗೆ ಮಳೆ ಬಂತೋ ಇಲ್ಲವೋ, ಪೈರು ನಿಂತಿತೋ ಒಣಗಿತೋ ಎಂಬ ವಿಚಾರವೆಲ್ಲಿ? ಅವನ ಕೈ ರೈತನ ಕಣಜದತ್ತ ಚಾಚಿತು. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಮರುವರ್ಷವೇ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ವಹಿಸಿಕೊಂಡದ್ದು. ದುರಾಡಳಿತದ ವರದಿಗಳು ಅತಿರಂಜಿತವಾಗಿದ್ದುವೇನೋ ಎಂಬ ಅನುಮಾನ ಅನಂತರ ಸ್ವತಃ ಬೆಂಟಿಂಕನಿಗೇ ಮೂಡಿತೆನ್ನುವುದನ್ನೂ ಹೇಳಬೇಕು. ಅತ್ತ ಪೊಗದಿಯ ಕಂತು ಹೇರಿದವರು, ಇತ್ತ ಅದನ್ನು ಲೆಕ್ಕಿಸದೆ ಕೊಟ್ಟವರು. ನಡುವೆ ಸಿಕ್ಕವನು ರಾಗಿ ಬೆಳೆಯುವವನು.

ಎಷ್ಟರಮಟ್ಟಿಗೆ ಎಂದರೆ, ಕಬ್ಬನ್ನರ ಆಡಳಿತದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಒಂದು ಊರಿನವರಂತೂ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆಮಾರುಗಳ ತನಕ ತೆರಿಗೆ ತೆತ್ತರು! ಇವೆಲ್ಲ ಒಬ್ಬ ಅರಸನ ಕಾಲದವಲ್ಲ. ಬೊಕ್ಕಸಕ್ಕೆ ಮುಗ್ಗಟ್ಟು ಬಂದಾಗಲೆಲ್ಲ ಒಂದರ ಮೇಲೊಂದು ಕೂತವು. ಕುದುರೆ ಓಡಿಹೋಗುತ್ತದೆ, ತೆರಿಗೆ ಉಳಿಯುತ್ತದೆ.

ಹಾಗೆಂದು ಸಾಲವೆಲ್ಲ ಪಾಪವೆ? 1876–78ರ ಧಾತು-ಈಶ್ವರದ ಬರವನ್ನು ನೆನೆಯಿರಿ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ ನಲವತ್ತೆರಡು ಲಕ್ಷದ ಒಳಗಿತ್ತು. ಕೂಡಿಟ್ಟ ಹಣವೆಲ್ಲ ಕರಗಿ, ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲವಾಯಿತು. ಹಸಿದವರ ಬಾಯಿಗೆ ಅನ್ನವಿಡುವ ಸಾಲವನ್ನು ಯಾರೂ ದೂರಲಾರರು. ಅಂಥ ಹೊತ್ತಿನಲ್ಲಿಯೇ 1881ರಲ್ಲಿ ರಾಜ್ಯ ಮರಳಿ ಒಡೆಯರಿಗೆ ಬಂತು. ಪೊಗದಿ 35 ಲಕ್ಷಕ್ಕೆ ಏರಬೇಕೆಂಬ ಷರತ್ತನ್ನು ಮಾತ್ರ ಮುಂದೂಡಲಾಯಿತು. ದಿವಾನ್ ರಂಗಾಚಾರ್ಲು ಖರ್ಚನ್ನು ಹಿಡಿದರು. ಜೊತೆಗೆ ಇನ್ನೊಂದು ದೊಡ್ಡ ಕೆಲಸ ಮಾಡಿದರು: ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ರಾಜ್ಯದ ಜಮಾಖರ್ಚನ್ನು ಅದರ ಮುಂದಿಟ್ಟರು. ಆ ಸಭೆಗೆ ತಡೆಯುವ ಅಧಿಕಾರವಿರಲಿಲ್ಲ, ಕೇಳುವ ಅವಕಾಶವಷ್ಟೇ. ಆದರೂ ತೀರಿಸುವವನಿಗೆ ಸಾಲದ ಲೆಕ್ಕ ಕಾಣಿಸಬೇಕೆಂಬ ತತ್ತ್ವ ನಮ್ಮ ನಾಡಿನಲ್ಲಿ ಅಂದು ಕಣ್ಣುಬಿಟ್ಟಿತು.

ಸಾಲಕ್ಕಿಂತ ಸೂಕ್ಷ್ಮವಾದ ಇನ್ನೊಂದು ಉಪಾಯವುಂಟು. ಅದು ನಾಣ್ಯವನ್ನೇ ತೆಳುಗೊಳಿಸುವುದು. ಹೆಗ್ಗಡದೇವನಕೋಟೆ ಸೀಮೆಯ ನನ್ನ ಅಜ್ಜಿ ಸಾಸಿವೆ ಡಬ್ಬಿಯ ತಳದಲ್ಲಿ ಹನ್ನೊಂದು ರಾಣಿ ರೂಪಾಯಿ ಬಚ್ಚಿಟ್ಟಿದ್ದಳು. ಒಂದನ್ನು ಒರಳುಕಲ್ಲಿನ ಮೇಲೆ ಚಿಮ್ಮಿ ಕುಟ್ಟಿ, “ಕೇಳೋ ಮಗ, ಇದು ಹಾಡ್ತದೆ. ನಿಮ್ಮಪ್ಪನ ಕಾಗದ ಹಾಡ್ತದಾ?” ಎನ್ನುತ್ತಿದ್ದಳು. ಎರಡನೆಯ ಮಹಾಯುದ್ಧಕ್ಕಾಗಿ ಬ್ರಿಟನ್ ಇಲ್ಲಿ ಮಾಡಿದ ಖರ್ಚಿಗೆ ಹಣವನ್ನು ಲಂಡನ್ನಿನ ಲೆಕ್ಕದಲ್ಲಿ ಬರೆದಿಡುತ್ತಿತ್ತು. ಅದರ ಆಧಾರದ ಮೇಲೆ ರಿಸರ್ವ್ ಬ್ಯಾಂಕು ಇಲ್ಲಿ ನೋಟು ಅಚ್ಚು ಹಾಕುತ್ತಿತ್ತು. 1939ರಲ್ಲಿ ಇನ್ನೂರು ಕೋಟಿಯೊಳಗಿದ್ದ ನೋಟಿನ ಚಲಾವಣೆ 1945ಕ್ಕೆ ಸಾವಿರದ ನೂರು ಕೋಟಿ ದಾಟಿತು. 1940ರಲ್ಲಿ ರೂಪಾಯಿಯ ಬೆಳ್ಳಿ ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಯಿತು. 1947ರಲ್ಲಿ ನಿಕಲ್ ರೂಪಾಯಿ ಬಂತು. ನೋಟು ಹೆಚ್ಚಿತು, ಕಾಳು ಹೆಚ್ಚಲಿಲ್ಲ. ಯಾವ ಅಮಲ್ದಾರನೂ ಅಜ್ಜಿಯ ಬಾಗಿಲಿಗೆ ಬರಲಿಲ್ಲ. ಆದರೂ ಅವಳ ಸೆರಗಿನ ಗಂಟಿನಿಂದ ತೆರಿಗೆ ಹೋಯಿತು. ನಮ್ಮಜ್ಜಿ ಅರ್ಥಶಾಸ್ತ್ರ ಓದಿದವಳಲ್ಲ, ಕಿವಿಯಿಂದಲೇ ಅರಿತಿದ್ದಳು.

ಸ್ವತಂತ್ರ ಭಾರತವೂ ಈ ಸುಲಭದ ದಾರಿಯನ್ನು ಬಿಡಲಿಲ್ಲ. 1955ರ ಏರ್ಪಾಡಿನಂತೆ, ತಾತ್ಕಾಲಿಕವೆಂದು ಹೇಳಿ, ಸರ್ಕಾರದ ಕೈ ಬರಿದಾದಾಗಲೆಲ್ಲ ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯುವ ‘ಅಡ್‌ಹಾಕ್’ ಹುಂಡಿಗಳು ಹುಟ್ಟಿದವು. ಅವು ನಿಂತದ್ದು 1997ರ ಏಪ್ರಿಲಿನಲ್ಲಿ. 2003ರ ವಿತ್ತೀಯ ಹೊಣೆಗಾರಿಕೆಯ ಶಾಸನದ ಮೇರೆಗೆ, ಸರ್ಕಾರದ ಸಾಲಪತ್ರವನ್ನು ಬ್ಯಾಂಕು ನೇರವಾಗಿ ಕೊಳ್ಳುವುದೂ 2006ರಿಂದ ನಿಂತಿತು. ಆದರೆ ಮುಂಬಾಗಿಲು ಮುಚ್ಚಿದರೂ ಹಿತ್ತಿಲ ಬಾಗಿಲುಂಟು: 2020–21ರ ಕೋವಿಡ್ ವರ್ಷದಲ್ಲಿ ಪೇಟೆಯಿಂದ ಬ್ಯಾಂಕು ಕೊಂಡ ಸಾಲಪತ್ರಗಳು ಮೂರು ಲಕ್ಷ ಕೋಟಿ ರೂಪಾಯಿಗೆ ಮೀರಿದ್ದು. ವ್ಯಾಧಿಯ ಕಾಲ, ಆಗಲಿ. ಆದರೆ ಪಥ್ಯವನ್ನು ಕೈಬಿಟ್ಟ ಮನೆಯ ಗತಿಯನ್ನು ಕಡಲಾಚೆಯ ಶ್ರೀಲಂಕೆಯಲ್ಲಿ 2022ರಲ್ಲಿ ಕಂಡೆವು.

ಭಾಷೆಯ ಮೇಷ್ಟ್ರಾದ ನನ್ನನ್ನು ಹೆಚ್ಚು ಕಾಡುವುದು ಮಾತುಗಳು. ರೈತನ ಬೆಳೆಸಾಲ ಹೋದರೆ ಅದು ‘ಮನ್ನಾ’. ಅದರಿಂದ ಸಾಲಶಿಸ್ತು ಕೆಡುತ್ತದೆಂದು ಪಂಡಿತರು ಮರುಗುತ್ತಾರೆ. ದೊಡ್ಡ ಉದ್ಯಮಗಳ ಸಾಲ ಮುಳುಗಿ ಸರ್ಕಾರಿ ಬ್ಯಾಂಕುಗಳು ಸೊರಗಿದಾಗ, 2017ರಲ್ಲಿ ಘೋಷಣೆಯಾದ 2.11 ಲಕ್ಷ ಕೋಟಿ ರೂಪಾಯಿಗೆ ‘ಬಂಡವಾಳ ಮರುಪೂರಣ’ವೆಂಬ ಗಂಭೀರ ನಾಮಧೇಯ. ಅದರ ಬಹುಭಾಗ ಹೊಸ ಸಾಲಪತ್ರವೇ: ಬ್ಯಾಂಕಿನಿಂದ ಸರ್ಕಾರ ಸಾಲ ಪಡೆದು, ಅದೇ ಹಣವನ್ನು ಬ್ಯಾಂಕಿಗೆ ಬಂಡವಾಳವಾಗಿ ಕೊಟ್ಟಿತು. ಬಡ್ಡಿ ಮಾತ್ರ ಪ್ರಜೆಯ ಲೆಕ್ಕಕ್ಕೆ. ಎರಡೂ ಒಂದೇ ಜಾತಿಯ ಉಪಕಾರ. ಒಂದಕ್ಕೆ ಚಿಂದಿಯ ಹೆಸರು, ಇನ್ನೊಂದಕ್ಕೆ ಪೀತಾಂಬರದ್ದು.

ಇಂದು ಕರ್ನಾಟಕದ ಸಾಲ ಐದು ಲಕ್ಷ ಕೋಟಿ ರೂಪಾಯಿ ದಾಟಿದೆ. ಆ ಹಣದಿಂದ ಕೆರೆಕಟ್ಟೆ, ಶಾಲೆ, ಆಸ್ಪತ್ರೆ ಎದ್ದರೆ ಮೊಮ್ಮಕ್ಕಳು ಹೊರೆಯ ಜೊತೆಗೆ ಆಸ್ತಿಯನ್ನೂ ಪಡೆಯುತ್ತಾರೆ. ಅಲ್ಲಿಯೂ ನ್ಯಾಯದ ಪ್ರಶ್ನೆ ಇದ್ದೇ ಇದೆ: 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಗೆ ಊರು ಬಿಟ್ಟವರು ಹೆಗ್ಗಡದೇವನಕೋಟೆಯ ಹಳ್ಳಿಯವರು, ನೀರು ಹೆಚ್ಚಾಗಿ ಹರಿದದ್ದು ಕೆಳಗಣ ಬಯಲಿಗೆ. ಇನ್ನು ಸಂಬಳ, ಬಡ್ಡಿ, ಉತ್ಸವಗಳಿಗಾಗಿ ಮಾಡಿದ ಸಾಲದಲ್ಲಿ ಮೊಮ್ಮಕ್ಕಳಿಗೆ ಉಳಿಯುವುದು ಓಡಿಹೋದ ಕುದುರೆಯಷ್ಟೇ.

‘ಮುದ್ರಾಮಂಜೂಷ’ವನ್ನು ನಾನು ಈಗಲೂ ಪ್ರೀತಿಯಿಂದ ಓದುತ್ತೇನೆ. ಆದರೆ ಮುಚ್ಚುವಾಗ ಒಮ್ಮೆ ಕೈ ತಡೆಯುತ್ತದೆ. ಆ ಗದ್ಯದ ಸಂಭಾವನೆಯಲ್ಲಿ ನಮ್ಮ ಸೀಮೆಯವರ ರಾಗಿಯೂ ಬೆರೆತಿದೆ. ನಮ್ಮ ಸಾಹಿತ್ಯಚರಿತ್ರೆಗಳು ಆಶ್ರಯದಾತನ ಹೆಸರನ್ನು ದಪ್ಪಕ್ಷರದಲ್ಲಿ ಬರೆದವು. ತೆತ್ತವನ ಹೆಸರನ್ನು ಬರೆಯಲಿಲ್ಲ. ನಾನೂ ಬರೆಸಲಿಲ್ಲ.

ಆ ಹುಡುಗ ಈಗ ಐವತ್ತರ ಗೃಹಸ್ಥನಾಗಿರಬೇಕು. ಎಲ್ಲಿಯಾದರೂ ಈ ಮಾತು ಅವನ ಕಿವಿಗೆ ಬಿದ್ದೀತೆಂಬ ಆಸೆಯಿಂದ ಹೇಳುತ್ತೇನೆ: ಅಪ್ಪ, ಆ ಸಾಲವನ್ನು ಅರಮನೆ ತೀರಿಸಲಿಲ್ಲ, ಕಂಪನಿಯೂ ತೀರಿಸಲಿಲ್ಲ. ನಿನ್ನ ಮುತ್ತಜ್ಜನ ಅಜ್ಜ ತೀರಿಸಿದ. ಅವನನ್ನು ಯಾರೂ ಕೇಳಿರಲಿಲ್ಲ. ನೀನಾದರೂ ಕೇಳಿದೆ, ಅಂದು ನಾನು ನಗಬಾರದಿತ್ತು.

(ಬಾನುಲಿ ಭಾಷಣ)