ನಾರ್ವೆಯ 'ಬುಸ್ಸ್' ಮತ್ತು ಲ್ಯಾಟಿನ್ನಿನ ಚತುರ್ಥೀ ವಿಭಕ್ತಿ

ನಾರ್ವೇಜಿಯನ್ ಭಾಷೆಯಲ್ಲಿ ಬಸ್ಸಿಗೆ 'ಬುಸ್ಸ್' ಎಂದು ಹೆಸರು. ಇಂಗ್ಲಿಷಿನ 'ಬಸ್' ಶಬ್ದವೇ ಅಲ್ಲಿಗೆ ಹೋಗಿ ಸಕಾರದ ದ್ವಿತ್ವವನ್ನು ಪಡೆದಿದೆ. ಹ್ರಸ್ವಸ್ವರದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ಬರೆಯುವುದು ಆ ಭಾಷೆಯ ರೂಢಿ. ಅದೇ ಶಬ್ದವನ್ನು ಎರವಲು ಪಡೆದ ಕನ್ನಡವೂ 'ಬಸ್ಸು' ಎಂದು ದ್ವಿತ್ವವನ್ನೇ ಮಾಡಿತೆಂಬುದು ಗಮನಾರ್ಹ.

ಇಂಗ್ಲಿಷಿನ 'ಬಸ್' ಪೂರ್ಣ ಪದವಲ್ಲ; 'ಆಮ್ನಿಬಸ್' ಎಂಬುದರ ಬಾಲ ಮಾತ್ರ. 1820ರ ದಶಕದಲ್ಲಿ ಫ್ರಾನ್ಸಿನ ನಾಂಟ್ ನಗರದಲ್ಲಿ ಸ್ಟಾನಿಸ್ಲಾಸ್ ಬೋದ್ರಿ ಎಂಬಾತ ಓಡಿಸಿದ ಕುದುರೆಗಾಡಿಗಳಿಗೆ ಈ ಹೆಸರು ಬಂದಿತು. ಒಮ್ನೆಸ್ ಎಂಬ ಟೋಪಿ ವ್ಯಾಪಾರಿಯ ಅಂಗಡಿಯ ಫಲಕವೇ ಇದಕ್ಕೆ ಮೂಲವೆಂಬ ಕಥೆಯೂ ಉಂಟು; ಕಥೆ ಸೊಗಸಾಗಿದೆ, ಆಧಾರ ದುರ್ಬಲ. 1829ರಲ್ಲಿ ಜಾರ್ಜ್ ಶಿಲಿಬಿಯರ್ ಲಂಡನ್ನಿನಲ್ಲಿ ಇಂಥ ಗಾಡಿಯನ್ನು ಆರಂಭಿಸಿದನು. ಹೆಸರು ಬೇಗನೆ ಮೊಟಕಾಯಿತು.

ಸ್ವಾರಸ್ಯವಿರುವುದು ವ್ಯಾಕರಣದಲ್ಲಿ. ಲ್ಯಾಟಿನ್ನಿನಲ್ಲಿ 'ಒಮ್ನಿಸ್' ಎಂದರೆ ಸರ್ವ. 'ಒಮ್ನಿಬುಸ್' ಅದರ ಚತುರ್ಥೀ ಬಹುವಚನ, ಅಂದರೆ 'ಎಲ್ಲರಿಗಾಗಿ'. ಇಲ್ಲಿಯ 'ಬುಸ್' ಕೇವಲ ವಿಭಕ್ತಿ ಪ್ರತ್ಯಯ. ಪ್ರಕೃತಿ ಬಿದ್ದುಹೋಗಿ ಪ್ರತ್ಯಯವೇ ನಾಮಪದವಾಗಿ ನಿಂತಿತು! 'ಎಲ್ಲರಿಗೆ' ಎಂಬುದರಲ್ಲಿ 'ಎಲ್ಲರ'ನ್ನು ಬಿಟ್ಟು 'ಇಗೆ ಬಂತು, ಇಗೆ ಹೋಯಿತು' ಎಂದಂತೆ. ಈ 'ಬುಸ್' ಸಂಸ್ಕೃತದ 'ಭ್ಯಸ್' ಪ್ರತ್ಯಯದ ಸಗೋತ್ರವೆಂದು ತೌಲನಿಕ ವ್ಯಾಕರಣಕಾರರು ಗುರುತಿಸಿದ್ದಾರೆ. 'ಒಮ್ನಿಬುಸ್' ಎಂದರೂ 'ಸರ್ವೇಭ್ಯಃ' ಎಂದರೂ ಅರ್ಥ ಒಂದೇ. ಅಷ್ಟೇ ಅಲ್ಲ, ಚತುರ್ಥಿಯ ಬಹುವಚನ ರೂಪವೇ ಪಂಚಮಿಗೂ ಸಲ್ಲುವುದು ಎರಡು ಭಾಷೆಗಳಲ್ಲಿಯೂ ಸಮಾನ. ನಾರ್ವೆಯವರು ಹಲವು ಬಸ್ಸುಗಳಿಗೆ 'ಬುಸ್ಸೆರ್' ಎನ್ನುವಾಗ ಬಹುವಚನ ಪ್ರತ್ಯಯಕ್ಕೆ ಇನ್ನೊಂದು ಬಹುವಚನ ಪ್ರತ್ಯಯವನ್ನು ಹಚ್ಚಿದಂತಾಗುತ್ತದೆ. 'ಬಸ್ಸುಗಳು' ಎನ್ನುವ ಕನ್ನಡಿಗರೂ ಮಾಡುವುದು ಅದನ್ನೇ.

ನಾರ್ವೆಯ ಬೀದಿಯಲ್ಲಿ ಇಂಥ ತುಂಡುಪದ ಇದೊಂದೇ ಅಲ್ಲ. ಕಾರಿಗೆ ಅಲ್ಲಿ 'ಬಿಲ್' ಎನ್ನುತ್ತಾರೆ. ಇದು 'ಆಟೊಮೊಬಿಲ್' ಶಬ್ದದ ಬಾಲ. 1902ರಲ್ಲಿ ಡೆನ್ಮಾರ್ಕಿನ 'ಪೊಲಿಟಿಕೆನ್' ಪತ್ರಿಕೆ ಏರ್ಪಡಿಸಿದ ಸ್ಪರ್ಧೆಯ ಮೂಲಕ ಅದು ಪ್ರಚಾರಕ್ಕೆ ಬಂದಿತು. ಲ್ಯಾಟಿನ್ನಿನ 'ಮೊಬಿಲಿಸ್' ಎಂಬಲ್ಲಿ ಚಲನೆಯ ಅರ್ಥವಿರುವುದು 'ಮೊ' ಎಂಬ ಭಾಗದಲ್ಲಿ. 'ಬಿಲಿಸ್' ಯೋಗ್ಯತೆಯನ್ನು ಸೂಚಿಸುವ ಪ್ರತ್ಯಯ. ಚಲಿಸುವ ವಾಹನದ ಹೆಸರಿನಲ್ಲಿ ಚಲನೆಯೇ ಉಳಿಯಲಿಲ್ಲ. ಓಸ್ಲೊ ನಗರದ ಟ್ರಾಮಿಗೆ ಇರುವ 'ಟ್ರಿಕ್' ಎಂಬ ಹೆಸರಾದರೋ ವಿದ್ಯುತ್ ಸಂಬಂಧಿ ಎಂಬರ್ಥದ 'ಎಲೆಕ್ಟ್ರಿಸ್ಕ್' ಶಬ್ದದ ಹಿಂದುಮುಂದನ್ನು ಕತ್ತರಿಸಿ ಉಳಿಸಿಕೊಂಡ ಚೂರು.